ಅಮ್ಮ ಫೋನಿನಲ್ಲಿ ಕೇಳಿದ್ದಕ್ಕೆ

ಸ್ಟುಟ್‌ಗಾರ್ಟ್, ಡಿಸೆಂಬರ್

ಪ್ರೀತಿಯ ಅಮ್ಮನಿಗೆ,

ಕರ್ತನ ನಾಮದಲ್ಲಿ ವಂದನೆಗಳು. ಅಪ್ಪನಿಗೂ ಅಜ್ಜಿಗೂ ನನ್ನ ನಮಸ್ಕಾರ ತಿಳಿಸು.

ಕಳೆದ ವಾರ ನೀನು, "ಅಲ್ಲಿ ಸಂತೋಷವಾಗಿದ್ದೀಯಾ?" ಎಂದು ಕೇಳಿದೆ. ನಾನು ಹೌದೆಂದೆ, ನೀನು ನಂಬಲಿಲ್ಲ. ಡ್ಯೂಟಿ ಮುಗಿಸಿ, ಚಳಿಯಲ್ಲಿ ಬಸ್ಸಿಗೆ ಕಾಯುತ್ತಾ ಹೇಳಿದ ಮಾತು. ನಿನಗೆ ಅದರಲ್ಲಿ ದಣಿವಷ್ಟೇ ಕೇಳಿಸಿರಬೇಕು. ಆದರೆ ನಾನು ಹೇಳಿದ್ದು ನಿಜ. ಅದನ್ನು ಬಿಡಿಸಿ ಹೇಳಲು ಫೋನು ಸಾಲದು.

ಇಲ್ಲಿಗೆ ಬರುವಾಗ ದೇವಾಲಯಗಳ ಬಗ್ಗೆ ನನ್ನ ಕಲ್ಪನೆಯೇ ಬೇರೆ ಇತ್ತು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಕಾಲಿಟ್ಟ ಮೇಲೆ ನಮ್ಮ ಕಡೆಗೆ ಬಂದವರಲ್ಲಿ ಎಷ್ಟೋ ಮಂದಿ ಈ ಸೀಮೆಯವರು. ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಹುಟ್ಟಿದ ಬ್ರಾಕೆನ್‌ಹೈಮ್ ಇಲ್ಲಿಂದ ಹೆಚ್ಚು ದೂರವಿಲ್ಲ, ದ್ರಾಕ್ಷಿ ತೋಟಗಳ ಊರು. ನಮ್ಮ ಹಿರಿಯರಿಗೆ ಸುವಾರ್ತೆ ತಂದವರ ನಾಡಲ್ಲವೇ, ಬೆಂಚುಗಳು ತುಂಬಿರುತ್ತವೆ ಎಂದುಕೊಂಡಿದ್ದೆ. ನಾನು ಹೋಗುವ ಸಭೆಯಲ್ಲಿ ತಲೆ ಎಣಿಸಬಹುದು, ಅದರಲ್ಲೂ ಹೆಚ್ಚಿನವು ನರೆತವು.

ಊರಿನಲ್ಲಿ ಸಂತೋಷಪಡಲು ಕಷ್ಟಪಡಬೇಕಾಗಿರಲಿಲ್ಲ. ಗಾಯಕರ ಗುಂಪಿನಲ್ಲಿ ನಿಂತರೆ ಪಕ್ಕದವಳ ದನಿಯೇ ನನ್ನ ದನಿಯನ್ನು ಎತ್ತಿಕೊಂಡು ಹೋಗುತ್ತಿತ್ತು. ಬೆಳೆ ಹಬ್ಬದ ಏಲಂನಲ್ಲಿ ಅಪ್ಪ ಹಟ ಹಿಡಿದು, ನಮ್ಮ ಹಿತ್ತಿಲಿನಿಂದಲೇ ಕೊಟ್ಟ ಕುಂಬಳಕಾಯಿಯನ್ನು ಮೂರು ಪಟ್ಟು ಬೆಲೆಗೆ ಬಿಡಿಸಿಕೊಂಡು ಬಂದದ್ದು ನೆನಪಿದೆಯೇ? ಆ ಗದ್ದಲವೂ ದೇವರು ಕೊಟ್ಟದ್ದೇ. ಆದರೆ ನಾನು ಪ್ರಾರ್ಥಿಸಿದೆನೋ ಇಲ್ಲವೋ ಎಂದು ಕೇಳುವವರೇ ಇಲ್ಲದ ಕಡೆಗೆ ಬಂದ ಮೇಲೆ, ನನ್ನದೆಂದುಕೊಂಡಿದ್ದ ಭಕ್ತಿಯಲ್ಲಿ ಮುಕ್ಕಾಲು ಪಾಲು ನಿಮ್ಮೆಲ್ಲರದೇ ಎಂದು ತಿಳಿಯಿತು.

ನಮ್ಮ ವೃದ್ಧಾಶ್ರಮದಲ್ಲಿ ತೊಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಬೆಳಿಗ್ಗೆ ಮುಖ ತೊಳೆಸುವ ಮೊದಲು ದಿಂಬಿನ ಬಳಿಯ ನೀಲಿ ಪುಸ್ತಕವನ್ನು ಓದಿ ಹೇಳಬೇಕು, ಕಾಫಿ ಆಮೇಲೆ. ದಿನಕ್ಕೆ ಹಳೆಯ ಒಡಂಬಡಿಕೆಯ ಒಂದು ವಚನ, ಅದರ ಕೆಳಗೆ ಹೊಸ ಒಡಂಬಡಿಕೆಯದೊಂದು, ಕೊನೆಯಲ್ಲಿ ಗೀತೆಯ ಕೆಲವು ಸಾಲೋ ಪುಟ್ಟ ಪ್ರಾರ್ಥನೆಯೋ. ಪೂರ್ವದ ಸ್ಯಾಕ್ಸನಿಯಲ್ಲಿ ಹೆರ್ನ್‌ಹೂಟ್ ಎಂಬ ಸಣ್ಣ ಊರಿದೆ. ಅಲ್ಲಿನ ಸಭೆಯವರು 1731ರಿಂದ ಪ್ರತಿವರ್ಷವೂ ಇದನ್ನು ಅಚ್ಚು ಹಾಕಿಸುತ್ತಿದ್ದಾರೆ. ಹಳೆಯ ಒಡಂಬಡಿಕೆಯ ವಚನವನ್ನು ಯಾರೂ ಆರಿಸುವುದಿಲ್ಲ, ಚೀಟಿ ಎತ್ತುತ್ತಾರೆ. ಹಾಗಾಗಿ ಹಿತವಾದ ವಚನವೇ ಬರುತ್ತದೆಂಬ ಖಾತ್ರಿಯಿಲ್ಲ. ಒಂದು ದಿನ, ನನ್ನನ್ನು ಇನ್ನೆಷ್ಟು ಕಾಲ ಮರೆತಿರುವೆ ಎಂದು ದೇವರನ್ನೇ ಕೇಳುವ ಕೀರ್ತನೆ ಬಂತು. ಗಂಡನನ್ನೂ ಮಗನನ್ನೂ ಮಣ್ಣಿಗಿಟ್ಟವರ ಮುಂದೆ ಹೇಗೆ ಓದಲಿ ಎಂದು ತಡವರಿಸಿದೆ. "ಓದಮ್ಮ, ಇವತ್ತಿನ ಪಾಲು ಇದೇ" ಎಂದರು. ಕೇಳುತ್ತಾ ಅತ್ತರು. ಗೀತೆಯ ಸಾಲು ಬಂದಾಗ ಒಡೆದ ದನಿಯಲ್ಲೇ ಸೇರಿಕೊಂಡರು. ಆಮೇಲೆ ಕಾಫಿ ಆರಿದೆಯೆಂದು ನನ್ನನ್ನು ಚೆನ್ನಾಗಿ ಗದರಿಸಿದರು! ಸಂತರ ಚಿತ್ರದ ಮುಗುಳ್ನಗೆ ಅವರದಲ್ಲ. ಆದರೂ ಅವರಲ್ಲಿರುವುದನ್ನು ಸಂತೋಷವೆನ್ನದೆ ಬೇರೇನೂ ಎನ್ನಲಾರೆ.

ರಾತ್ರಿ ಪಾಳಿಯ ಬಿಡುವಿನಲ್ಲಿ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯನ್ನು ಓದುತ್ತಿದ್ದೇನೆ. ನಾಲ್ಕೇ ಅಧ್ಯಾಯ, ಪುಟಪುಟಕ್ಕೂ ಸಂತೋಷದ ಮಾತು. ಬರೆದವನು ಸೆರೆಯಲ್ಲಿದ್ದ. ಅದೇ ಫಿಲಿಪ್ಪಿಯಲ್ಲಿ ಹಿಂದೊಮ್ಮೆ ಪೆಟ್ಟು ತಿಂದು, ಕಾಲಿಗೆ ಕೋಳ ಹಾಕಿಸಿಕೊಂಡು, ಸಂಗಡಿಗ ಸೀಲನ ಜೊತೆ ನಡುರಾತ್ರಿ ಹಾಡಿದವನು ಅವನೇ. ಸಂಡೇ ಸ್ಕೂಲಿನಲ್ಲಿ ಎರಡನ್ನೂ ಕಲಿತಿದ್ದೆವು, ಆದರೆ ಒಂದಕ್ಕೊಂದು ಜೋಡಿಸಿ ನೋಡಿರಲಿಲ್ಲ. ಜೊತೆಗೆಲಸದವನಾದ ಎಪಫ್ರೊದೀತನ ಕಾಯಿಲೆಯ ಬಗ್ಗೆ ಬರೆಯುವಾಗ, ಅವನು ಸತ್ತಿದ್ದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಎನ್ನುತ್ತಾನೆ ಪೌಲ. ಏನೂ ಆಗದವನಂತೆ ನಟಿಸುವುದಿಲ್ಲ. ಇದ್ದುದರಲ್ಲಿ ತೃಪ್ತನಾಗಿರುವುದನ್ನು ಕಲಿತುಕೊಂಡಿದ್ದೇನೆ ಎಂದೂ ಹೇಳುತ್ತಾನೆ. ಅಷ್ಟು ದೊಡ್ಡ ಅಪೊಸ್ತಲನೂ ಕಲಿಯಬೇಕಾಯಿತು ಎಂದರೆ, ನನ್ನ ನಿಧಾನಕ್ಕೆ ಕ್ಷಮೆಯಿದೆ.

ಚಿಕ್ಕಮ್ಮ ಕಳುಹಿಸುವ ಪ್ರಸಂಗಗಳ ವಿಡಿಯೊ ಸಾಕೆಂದು ನಯವಾಗಿ ತಿಳಿಸು. ನಂಬಿದರೆ ವೀಸಾ, ಪ್ರಾರ್ಥಿಸಿದರೆ ಮನೆ ಎಂದು ಕೂಗುವವರ ಸಂತೋಷ ಕೈಯಲ್ಲಿ ವೀಸಾ ಇರುವ ತನಕ. ನನಗೆ ವೀಸಾ ಸಿಕ್ಕಿದೆ, ಆದ್ದರಿಂದ ಹೇಳುವ ಹಕ್ಕಿದೆ!

ಕ್ರಿಸ್ಮಸ್‌ಗೆ ಬರಲಾಗುವುದಿಲ್ಲ, 24ರಂದು ರಾತ್ರಿ ಪಾಳಿ ಬಿದ್ದಿದೆ. ಬೇಸರವಿದೆ, ಇಲ್ಲವೆಂದರೆ ನೀನು ಮತ್ತೆ ನಂಬುವುದಿಲ್ಲ. ಕ್ರಿಸ್ಮಸ್ ತಿಂಡಿ ಕುಸ್ವಾರ್ ಕಳುಹಿಸಬೇಡ, ಕೊರಿಯರ್ ಖರ್ಚಿನಲ್ಲಿ ಅಜ್ಜಿಗೆ ಸ್ವೆಟರ್ ಬರುತ್ತದೆ.

ಮುಂದಿನ ವರ್ಷದ ನೀಲಿ ಪುಸ್ತಕವನ್ನು ನಾನೂ ಕೊಂಡಿದ್ದೇನೆ. ಜನವರಿ ಒಂದರಿಂದ ಅಪ್ಪನ ಮೊಬೈಲಿಗೆ ಆಯಾ ದಿನದ ಅಧ್ಯಾಯ, ವಚನದ ಸಂಖ್ಯೆಯನ್ನಷ್ಟೇ ಕಳುಹಿಸುತ್ತೇನೆ. ಇಲ್ಲಿ ಬೆಳಿಗ್ಗೆ ಆರಾದರೆ ನಿಮಗೆ ಹತ್ತೂವರೆ, ತಿಂಡಿಯ ಪಾತ್ರೆ ತೊಳೆದು ಆಗಿರುತ್ತದೆ. ಕನ್ನಡ ಬೈಬಲ್ಲಿನಲ್ಲಿ ತೆಗೆದು ಅಪ್ಪ ಗಟ್ಟಿಯಾಗಿ ಓದಲಿ. ಕೀರ್ತನೆ ಬಂದ ದಿನ ಅವರು ಕನ್ನಡಕ ಹುಡುಕುವಷ್ಟರಲ್ಲಿ ಅಜ್ಜಿ ಬಾಯಿಪಾಠ ಒಪ್ಪಿಸಿಬಿಟ್ಟಾರು.

ನಿನ್ನ ಮಗಳು