ಡಿಸ್ಕಸ್ ಬೆನ್ನಿಗೆ ಕಟ್ಟಿದ ಅಬೌಟ್

ಧಾರವಾಡ

ಪ್ರೀತಿಯ ತಂಗೀ,

ನಿನ್ನ ಇಂಗ್ಲಿಷ್ ಕಥೆ ಓದಿದೆ. ಅಣ್ಣತಮ್ಮಂದಿರ ಹೊಲದ ಪಾಲಿನ ಕಥೆ ಚೆನ್ನಾಗಿದೆ. ಆದರೆ ಮೂರೇ ಪುಟದಲ್ಲಿ 11 ಸಲ ಡಿಸ್ಕಸ್! ಅದರಲ್ಲೂ ಏಳರ ಬೆನ್ನಿಗೆ ಒಂದೊಂದು ಅಬೌಟ್ ಕಟ್ಟಿದ್ದೀಯ. ಮೊದಲು ಅದನ್ನು ಬಿಚ್ಚು. ನಾವು 'ಹೊಲದ ಬಗ್ಗೆ ಚರ್ಚೆ ಮಾಡಿದರು' ಅನ್ನುತ್ತೇವಲ್ಲ, ಆ 'ಬಗ್ಗೆ'ಯೇ ಹೀಗೆ ನುಸುಳುತ್ತದೆ. ಡಿಸ್ಕಸ್ ಆದಮೇಲೆ ನೇರವಾಗಿ ಹೊಲವೇ ಬರಬೇಕು. ಡಿಸ್ಕಷನ್ ಅಂದಾಗ ಅಬೌಟ್ ಇದ್ದರೆ ತಪ್ಪಿಲ್ಲ.

ಕಥೆಯಲ್ಲಿ ಹಾವೇರಿ ದನದ ಸಂತೆ ಬರುತ್ತದೆ. ಅಲ್ಲಿ ಎತ್ತಿನ ಬೆಲೆಯನ್ನೂ ಡಿಸ್ಕಸ್ ಮಾಡಿಸಿದ್ದೀಯ. ಸಂತೆಯ ಹಳೇ ಪದ್ಧತಿ ನೀನೂ ನೋಡಿರಬೇಕು. ದಲ್ಲಾಳಿ ಟವೆಲ್ ಹೊದಿಸುತ್ತಾನೆ. ಅದರ ಕೆಳಗೆ ಕೈ ಸೇರುತ್ತವೆ. ಇಷ್ಟು ಬೆರಳು ಹಿಡಿದರೆ ಇಷ್ಟು ರೊಕ್ಕ. ಒಪ್ಪದವನು ಕೈ ಎಳೆದುಕೊಳ್ಳುತ್ತಾನೆ. ಸುತ್ತ ನಿಂತವರಿಗೆ ಏನೂ ತಿಳಿಯದು, ಬಾಯಿಂದ ಒಂದು ಮಾತೂ ಇಲ್ಲ. ಅದು ನೆಗೋಷಿಯೇಟ್. ಇಬ್ಬರಿಗೂ ಏನೋ ಬೇಕು, ಇಬ್ಬರೂ ಒಂದಿಷ್ಟು ಬಿಡಬೇಕು. ಕಾಯಿಪಲ್ಲೆ ಸಂತೆಯಲ್ಲಿ ಐದು ರೂಪಾಯಿಗೆ ಜಗ್ಗಾಡಿದರೆ ಹ್ಯಾಗಲ್ ಸಾಕು.

ಆರ್ಗ್ಯೂ ಸ್ವಲ್ಪ ಕಷ್ಟದ ಪದ. ಇಲ್ಲಿನ ಹೈಕೋರ್ಟ್ ಪೀಠದಲ್ಲಿ ವಕೀಲರು ಎದುರುಬದುರು ನಿಂತು ಆರ್ಗ್ಯೂ ಮಾಡುತ್ತಾರೆ, ಹೊರಗೆ ಬಂದು ಕೂಡಿ ಚಹಾ ಕುಡಿಯುತ್ತಾರೆ. ಅದೇ ಪದ ಮನೆಯೊಳಗೆ ಬಂದರೆ ಜಗಳ. ನಾನು ಒಮ್ಮೆ 'ರಾತ್ರಿಯಿಡೀ ಅಪ್ಪನ ಜತೆ ಆರ್ಗ್ಯೂ ಮಾಡಿದೆ' ಅಂತ ಬರೆದಿದ್ದೆ. ಓದಿದ ಗೆಳೆಯ, "ಈಗಾದ್ರೂ ಮಾತಾಡ್ತಾರೇನು?" ಅಂತ ಕೇಳಿದ. ನಾವು ಸುಮ್ನೆ ಬಾವಿ ತೋಡಿಸೋ ವಿಚಾರ ಮಾತಾಡಿದ್ದೆವು, ಅಷ್ಟೇ!

ಡಿಬೇಟಿಗೆ ಎರಡು ಕಡೆ ಬೇಕು, ಕೇಳೋರೂ ಇದ್ದರೆ ಚಂದ. ತಿಳಿದವರನ್ನು ಕೇಳಲು ಹೋದರೆ ಕನ್ಸಲ್ಟ್. ಡೆಲಿಬರೇಟ್ ಪದದೊಳಗೆ ಲ್ಯಾಟಿನ್ನಿನ ತಕ್ಕಡಿ ಅಡಗಿದೆ. ನಿನ್ನ ಪಂಚರು ಕಟ್ಟೆಯ ಮೇಲೆ ಕೂತು ತೂಗಿ ನೋಡುವ ಜಾಗದಲ್ಲಿ ಅದನ್ನಿಡು.

ಕೊನೆಯಲ್ಲಿ ಅತ್ತಿಗೆ ಇಬ್ಬರಿಗೂ ರೊಟ್ಟಿ ಬಡಿಸಿ "ಕೂತು ಮಾತಾಡಿ ಮುಗಿಸ್ರಿ" ಅನ್ನುತ್ತಾಳಲ್ಲ, ಅಲ್ಲಿ ಡಿಸ್ಕಸ್ ತೀರಾ ಆಫೀಸಿನ ಮಾತಾಯಿತು. ಟಾಕ್ ಇಟ್ ಓವರ್ ಅಂದರೆ ಕೂತು ಮಾತಾಡೋದು ಬರುತ್ತದೆ, ಮುಗಿಸೋದು ಬರಲ್ಲ. ಸೆಟಲ್ ಅಂದರೆ ಮುಗಿಯುತ್ತದೆ, ಆದರೆ ರೊಟ್ಟಿಯ ಮುಂದೆ ಕೂತದ್ದು ಹೋಯಿತು. ನನಗಂತೂ ಇನ್ನೂ ಸಿಕ್ಕಿಲ್ಲ. ನಿನಗೆ ಹೊಳೆದರೆ ಕಾಗದ ಬರಿ.

ನಿನ್ನ ಹಳೇ ಮಾಸ್ತರ