ಸಂಬಳ ಬೇಡವೆನ್ನುವ ಶಾಸಕರಿಗೆ ಒಂದು ನಮೂನೆ ಇರಲಿ

ಮಾನ್ಯರೇ,

2025ರ ಮಾರ್ಚ್ 21ರಂದು ಗದ್ದಲದ ನಡುವೆಯೇ ವಿಧಾನಸಭೆ ಒಪ್ಪಿದ ಮಸೂದೆಗಳಲ್ಲಿ ಶಾಸಕರ ತಿಂಗಳ ವೇತನ 40 ಸಾವಿರದಿಂದ 80 ಸಾವಿರಕ್ಕೂ ಮುಖ್ಯಮಂತ್ರಿಗಳದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೂ ಏರಿದ ಮೇಲೆ, ಕೋಟಿಗಟ್ಟಲೆ ಆಸ್ತಿ ಘೋಷಿಸಿಕೊಂಡವರಿಗೆ ಸಂಬಳವಾದರೂ ಏಕೆ ಎಂಬ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಸಂಬಳವನ್ನೇ ರದ್ದುಮಾಡಿ ಎಂಬ ಮಾತನ್ನು ನಾನು ಒಪ್ಪಲಾರೆ. ಜನಪ್ರತಿನಿಧಿಗಳಿಗೆ ಸಂಬಳ ಕೊಡಬೇಕೆಂದು ಬ್ರಿಟನ್ನಿನಲ್ಲಿ 1838ರಷ್ಟು ಹಿಂದೆಯೇ ಹಟ ಹಿಡಿದವರು ಚಾರ್ಟಿಸ್ಟ್ ಚಳವಳಿಯ ಕೂಲಿಕಾರ್ಮಿಕರು; ಅದು ಕೈಗೂಡಿದ್ದು 1911ರಲ್ಲಿ, ವರ್ಷಕ್ಕೆ 400 ಪೌಂಡ್ ಲೆಕ್ಕದಲ್ಲಿ. ಜಮೀನ್ದಾರನಲ್ಲದವನೂ ಸದನದಲ್ಲಿ ಕೂರಲು ಸಾಧ್ಯವಾಗಲೆಂದು ಬಂದ ಏರ್ಪಾಡನ್ನು ಜಮೀನ್ದಾರರ ಮೇಲಿನ ಸಿಟ್ಟಿಗೆ ಕಿತ್ತೊಗೆಯುವುದು ಸರಿಯಲ್ಲ. ಆದರೆ ಬೇಡವೆನ್ನುವವರು ಅಚ್ಚುಕಟ್ಟಾಗಿ ಬಿಟ್ಟುಕೊಡುವ ದಾರಿಯೊಂದು ಇರಬೇಕು.

ಸಂವಿಧಾನದ 195ನೇ ವಿಧಿ ಶಾಸಕರಿಗೆ ವೇತನ ಪಡೆಯುವ ಹಕ್ಕು ಕೊಟ್ಟಿದೆಯೇ ಹೊರತು ಪಡೆಯಲೇಬೇಕೆಂದು ಕಟ್ಟು ಹಾಕಿಲ್ಲ. ಕೇಂದ್ರ ಸರ್ಕಾರಕ್ಕೆ ಸ್ವಇಚ್ಛೆಯಿಂದ ಬಿಟ್ಟುಕೊಟ್ಟ ಸಂಬಳಕ್ಕೆ ಆದಾಯ ತೆರಿಗೆ ವಿನಾಯಿತಿ ನೀಡುವ ಕಾಯ್ದೆ 1961ರಲ್ಲೇ ಬಂದಿದೆ. ಸಚಿನ್ ತೆಂಡೂಲ್ಕರ್ ಅವರು ತಮ್ಮ ರಾಜ್ಯಸಭಾ ವೇತನವನ್ನು 2018ರಲ್ಲಿ ಪ್ರಧಾನಿ ಪರಿಹಾರ ನಿಧಿಗೆ ಕೊಟ್ಟದ್ದು ದೊಡ್ಡ ಗುಣವೇ. ಆದರೆ ಅದು ಪಡೆದು ಕೊಟ್ಟ ದಾನ, ಬೊಕ್ಕಸದಿಂದ ಹೊರಡದೆ ಅಲ್ಲೇ ಉಳಿದ ಹಣವಲ್ಲ. 2020ರಲ್ಲಿ ಕೋವಿಡ್ ನೆಪದಲ್ಲಿ ಶಾಸಕರ ವೇತನದಿಂದ ಒಂದು ವರ್ಷ ಕಡಿತಗೊಳಿಸಿದ ಶೇ 30 ಭಾಗವಂತೂ ಉಳ್ಳವರಿಗೂ ಇಲ್ಲದವರಿಗೂ ಒಂದೇ ಸಮನಾಗಿ ಬಿದ್ದ ಕತ್ತರಿ.

ಖಜಾನೆಯಲ್ಲಿ ಗುಮಾಸ್ತನಾಗಿದ್ದ ನನಗೆ ಒಂದು ಪ್ರಸಂಗ ಮರೆಯುವುದಿಲ್ಲ. ತಪ್ಪಿ ಹೆಚ್ಚಿಗೆ ಜಮಾ ಆಗಿದ್ದ ಹಣವನ್ನು ಹಿಂದಿರುಗಿಸಲು ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಚಲನ್ ತುಂಬಿ, ನೋಟುಗಳನ್ನು ಎಣಿಸಿ ಮೇಜಿನ ಮೇಲಿಟ್ಟರೂ ಅದನ್ನು ಯಾವ ಲೆಕ್ಕ ಶೀರ್ಷಿಕೆಗೆ ಕಟ್ಟಿಸಿಕೊಳ್ಳಬೇಕೆಂದು ನಮ್ಮಲ್ಲಿ ಒಬ್ಬರಿಗೂ ಖಚಿತವಿರಲಿಲ್ಲ. ಮೂರು ಸಲ ಅವರನ್ನು ಅಲೆಸಿದೆವು. ಸರ್ಕಾರದಿಂದ ಹಣ ಪಡೆಯಲು ನೂರು ನಮೂನೆಗಳಿದ್ದವು, ಬೇಡವೆನ್ನಲು ಒಂದೂ ಇರಲಿಲ್ಲ. ಅಡುಗೆ ಅನಿಲದ ಸಬ್ಸಿಡಿ ಬಿಡಿ ಎಂದು 2015ರಲ್ಲಿ ಕೇಳಿಕೊಂಡಾಗ ಏಜೆನ್ಸಿಯವರು ಕೊಟ್ಟ ಒಂದು ಹಾಳೆಗೆ ಸಹಿ ಹಾಕಿ ನಾನೂ ಬಿಟ್ಟೆ. ಒಂದು ವರ್ಷದ ಆಸುಪಾಸಿನಲ್ಲಿ ಕೋಟಿ ಮನೆಗಳು ಬಿಟ್ಟವು. ಅಂಥದ್ದೇ ಒಂದು ಹಾಳೆ ವಿಧಾನಮಂಡಲದ ಸಚಿವಾಲಯದಲ್ಲೂ ಇರಲಿ.

ಅದರಲ್ಲಿ ವೇತನಕ್ಕೊಂದು, ಭತ್ಯೆಗಳಿಗೊಂದು, ಮುಂದಿನ ಪಿಂಚಣಿಗೊಂದು ಕಾಲಂ ಬೇರೆಬೇರೆ ಇರಬೇಕು. ಮೂಲ ವೇತನದಲ್ಲಿ ಒಂದು ರೂಪಾಯಿ ಸಾಕೆಂದು ಘೋಷಿಸಿ ಪ್ರಯಾಣ ಭತ್ಯೆಯ ಬಿಲ್ಲನ್ನು ಚಾಚೂ ತಪ್ಪದೆ ಕಳುಹಿಸುವ ತ್ಯಾಗ ಯಾರಿಗೂ ಬೇಡ. ಹಣಕಾಸು ವರ್ಷದ ಆರಂಭದಲ್ಲಿ ಬರೆದುಕೊಟ್ಟದ್ದನ್ನು ಆ ವರ್ಷ ಹಿಂಪಡೆಯುವಂತಿರಬಾರದು, ಬಿಟ್ಟ ಹಣ ರಾಜ್ಯದ ಸಂಚಿತ ನಿಧಿಯಲ್ಲೇ ಉಳಿಯಬೇಕು. ಶಾಸಕರ ಸ್ವಂತ ಟ್ರಸ್ಟಿಗೋ ಕ್ಷೇತ್ರದ ಜಾತ್ರೆಗೋ ಹೋಗುವುದಾದರೆ ಅದು ಸರ್ಕಾರದ ಖರ್ಚಿನಲ್ಲಿ ನಡೆಯುವ ಚುನಾವಣಾ ಪ್ರಚಾರವಾಗುತ್ತದೆ.

ಇದರಿಂದ ಬೊಕ್ಕಸ ತುಂಬೀತೆಂಬ ಭ್ರಮೆ ನನಗಿಲ್ಲ. ವಿಧಾನಸಭೆಯ 224, ಪರಿಷತ್ತಿನ 75 ಸದಸ್ಯರೆಲ್ಲ 80 ಸಾವಿರದಂತೆ ಬಿಟ್ಟರೂ ವರ್ಷಕ್ಕೆ 29 ಕೋಟಿ ಮುಟ್ಟುವುದಿಲ್ಲ; ನಮ್ಮ ಬಜೆಟ್ಟು 4 ಲಕ್ಷ ಕೋಟಿ ದಾಟಿದೆ. ಇದು ಹಣಕ್ಕಿಂತ ಮನಸ್ಸಾಕ್ಷಿಯ ಮಾತಾದ್ದರಿಂದಲೇ, ಬಿಟ್ಟವರ ಹೆಸರನ್ನು ಪ್ರಕಟಿಸದೆ, ಎಷ್ಟು ಮಂದಿ, ಒಟ್ಟು ಎಷ್ಟು ಹಣ ಎಂಬುದನ್ನಷ್ಟೇ ಪ್ರತಿವರ್ಷ ಸದನದ ಮುಂದಿಡಬೇಕೆಂಬುದು ನನ್ನ ಕೋರಿಕೆ. ಹೆಸರು ಹೊರಬಿದ್ದರೆ, ಸಂಬಳದಲ್ಲೇ ಮನೆ ನಡೆಸುವ ಬಡ ಶಾಸಕ ಪಕ್ಕದ ಕ್ಷೇತ್ರದ ಗಣಿ ಮಾಲೀಕನ ಎದುರು ದುರಾಸೆಯವನಂತೆ ಕಾಣಬೇಕಾಗುತ್ತದೆ. ಹೆಸರು ಬರದಿದ್ದರೆ ಯಾರಪ್ಪಾ ಬಿಡುತ್ತಾರೆ ಎಂದು ಮನೆಯಲ್ಲಿ ಮಗಳು ನಗುತ್ತಾಳೆ. ಒಬ್ಬರೂ ಬಿಡದಿದ್ದರೆ ಆ ಸೊನ್ನೆಯನ್ನೇ ಸದನದ ಮುಂದಿಡಲಿ.

— ಒಬ್ಬ ನಿವೃತ್ತ ಖಜಾನೆ ನೌಕರ, ಶಿವಮೊಗ್ಗ