22ಕ್ಕೆ ಟೀಚರ್, 23ಕ್ಕೆ ಕಾರು: ಮಗಳಿಗೊಂದು ಪತ್ರ

ಕುಂಬಳೆ, ಕಾಸರಗೋಡು ಜಿಲ್ಲೆ, ಕೇರಳ

ಪ್ರೀತಿಯ ಮಗಳೇ,

ನೀನು ಬರೆದುಕೊಟ್ಟ ಪಟ್ಟಿಯನ್ನು ಎರಡು ಸಲ ಓದಿದೆ. 22ಕ್ಕೆ ಹೈಸ್ಕೂಲಿನಲ್ಲಿ ಗಣಿತದ ಟೀಚರ್, 23ಕ್ಕೆ ಕಾರು, 25ಕ್ಕೆ ಸ್ವಂತ ಮನೆ, ಆಮೇಲೆ ಮದುವೆ. ಟೀಚರ್ ಆಗದಿದ್ದರೆ ಸಾಲ ಮಾಡಿ ಮಂಗಳೂರಿನಲ್ಲಿ ಇಂಜಿನಿಯರಿಂಗ್. ಇದರಲ್ಲಿ ಯಾವ ಆಸೆಯನ್ನೂ ಹೊಡೆದುಹಾಕಬೇಕಾಗಿಲ್ಲ, ವಯಸ್ಸಿನ ಲೆಕ್ಕ ಮಾತ್ರ ತಿದ್ದಬೇಕು.

ಪ್ಲಸ್ ಟು (ಹನ್ನೆರಡನೆಯ ತರಗತಿ) ಮುಗಿಯುವಾಗ ನಿನಗೆ 18. ಡಿಗ್ರಿಗೆ ಮೂರು ವರ್ಷ, ಬಿ.ಎಡ್.ಗೆ ಎರಡು, ಅಲ್ಲಿಗೇ 23 ಆಯಿತು. (2024ರಿಂದ ನಮ್ಮ ಕಾಲೇಜುಗಳಲ್ಲಿ ನಾಲ್ಕು ವರ್ಷದ ಡಿಗ್ರಿ ಬಂದಿದೆ, ಮೂರಕ್ಕೇ ಮುಗಿಸಿ ಬಿ.ಎಡ್.ಗೆ ಹೋಗಲೂಬಹುದು.) ಬಿ.ಎಡ್. ಕೂಡ ಗಣಿತದಲ್ಲೇ ಆಗಬೇಕು. ಸೀಟು ಸಿಕ್ಕಿತೆಂದು ಬೇರೆ ವಿಷಯಕ್ಕೆ ಸೇರಿದರೆ ಗಣಿತದ ಹುದ್ದೆಗೆ ಅದು ನಡೆಯದು. ಆಮೇಲೆ ಕೆ-ಟೆಟ್ ಎಂಬ ಶಿಕ್ಷಕರ ಅರ್ಹತಾ ಪರೀಕ್ಷೆಯ ಮೂರನೆಯ ವಿಭಾಗ (ಅದು ಹೈಸ್ಕೂಲಿಗೆ), ಅದಾದ ಮೇಲೆ ಸರಕಾರಿ ಹುದ್ದೆಗೆ ಆಯ್ಕೆ ಮಾಡುವ ಪಿ.ಎಸ್.ಸಿ. ಕನ್ನಡ ಮಾಧ್ಯಮದ ಹುದ್ದೆಗೆ ವರ್ಷವರ್ಷವೂ ಅರ್ಜಿ ಕರೆಯುವುದಿಲ್ಲ. ಕರೆದಾಗ ಅರ್ಜಿಯ ಕೊನೆಯ ದಿನಕ್ಕೆ ಎಲ್ಲ ಅರ್ಹತೆಯೂ ಕೈಯಲ್ಲಿರಬೇಕು. ರಿಸಲ್ಟ್ ಬರುವುದೊಂದು ಬಾಕಿ ಎಂದರೆ ಕೇಳುವುದಿಲ್ಲ. ಹಾಗಾಗಿ ಕೆ-ಟೆಟ್ಟನ್ನು ಮುಂದೆ ತಳ್ಳುತ್ತಾ ಹೋದವರಿಗೆ ಒಂದು ಅಧಿಸೂಚನೆ ತಪ್ಪಿದರೆ ಕೆಲವು ವರ್ಷಗಳೇ ತಪ್ಪಿಹೋಗುತ್ತವೆ. ಪರೀಕ್ಷೆ, ರ‍್ಯಾಂಕ್ ಲಿಸ್ಟ್, ಖಾಲಿ ಹುದ್ದೆ ಎಲ್ಲ ಕೂಡಿಬರುವಾಗ 26 ಎಂದಿಟ್ಟುಕೊ. ನಡುವೆ ದಿನಗೂಲಿ ಟೀಚರಾಗಿ ಕಲಿಸಬಹುದು. ಬೇಗ ಕೆಲಸ ಬೇಕೆಂದರೆ ಪ್ಲಸ್ ಟು ಆದಮೇಲೆ ಎರಡು ವರ್ಷದ ಡಿ.ಎಲ್.ಎಡ್. ಎಂಬ ಶಿಕ್ಷಕರ ತರಬೇತಿ, ಕೆ-ಟೆಟ್ ಒಂದನೆಯ ವಿಭಾಗ, ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆ. ಆ ಹಾದಿಯನ್ನು ನಾನು ಕಡಿಮೆಯದೆಂದು ಎಣಿಸುವುದಿಲ್ಲ.

ಮಲಯಾಳವನ್ನು ಮಾತಾಡಿದರೆ ಸಾಲದು, ಓದಲು ಬರೆಯಲು ಕಲಿ. ನಮ್ಮ ಜಿಲ್ಲೆಯಲ್ಲಿ ಕನ್ನಡ-ಮಲಯಾಳ ಎರಡೂ ಬಲ್ಲವರಿಗೆಂದೇ ಕ್ಲಾರ್ಕ್ ಹುದ್ದೆಗಳಿವೆ.

ಇನ್ನು ಇಂಜಿನಿಯರಿಂಗ್. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳಲ್ಲಿ ಓದಿದ ಕನ್ನಡ, ತುಳು ಮನೆಮಾತಿನ ಮಕ್ಕಳಿಗೆ ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡ ಕನ್ನಡಿಗರೆಂದು ಅವಕಾಶವಿದೆ. ಅದಕ್ಕೆ ಓದಿದ ಶಾಲೆಗಳ ಪ್ರಮಾಣಪತ್ರ ಬೇಕು, ಪ್ರತ್ಯೇಕ ಕನ್ನಡ ಪರೀಕ್ಷೆಯಲ್ಲೂ ಪಾಸಾಗಬೇಕು. ಉಳಿದ ವಿಷಯಗಳಲ್ಲಿ ಎಷ್ಟೇ ಅಂಕ ಬಂದಿದ್ದರೂ ಆ ಪರೀಕ್ಷೆಗೆ ಹೋಗದಿದ್ದರೆ ಆ ಅವಕಾಶ ಇಲ್ಲ.

'ಸಾಲ ಮಾಡಿ' ಎಂದು ಒಂದೇ ಮಾತಿನಲ್ಲಿ ಬರೆದಿದ್ದೀಯಲ್ಲ, ಅದನ್ನು ಬಿಡಿಸಿ ನೋಡು. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳೋಣ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಆಮೇಲೆ 30,000, 20,000. ಕಂತು ಶುರುವಾಗುವ ದಿನ 4 ಲಕ್ಷದ ಸಾಲ 5.40 ಲಕ್ಷ ಆಗಿರುತ್ತದೆ. ಏಳು ವರ್ಷಕ್ಕೆ ತಿಂಗಳಿಗೆ ಸುಮಾರು 8,965 ರೂಪಾಯಿ, ಒಟ್ಟು ಏಳೂವರೆ ಲಕ್ಷ. ಓದುವಾಗಲೇ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುತ್ತಾ ಬಂದರೆ (ಮೊದಲ ವರ್ಷ 833 ರೂಪಾಯಿ, ನಾಲ್ಕನೆಯ ವರ್ಷದಿಂದ 3,333) ಕಂತು 6,640ಕ್ಕೆ ನಿಲ್ಲುತ್ತದೆ. ಎಲ್ಲ ಸೇರಿ ಸುಮಾರು 55,000 ಉಳಿತಾಯ. ಆ ಬಡ್ಡಿಯನ್ನು ಅಡಿಕೆ ಮಾರಿದ ದುಡ್ಡಿನಿಂದ ನಾವು ಕಟ್ಟುತ್ತೇವೆ. ಅಸಲು ನಿನ್ನದು.

ಈಗ 23ರ ಕಾರು ನೋಡು. ಆ ವರ್ಷ ಶಿಕ್ಷಣ ಸಾಲದ ಕಂತೇ ಶುರುವಾಗಿರುತ್ತದೆ. ಅದರ ಮೇಲೆ ಕಾರಿನ ಕಂತೂ ಬಿದ್ದರೆ ಮೊದಲ ಸಂಬಳದಲ್ಲಿ ಕೈಗೆ ಉಳಿಯುವುದು ಬಸ್ಸಿನ ಚಿಲ್ಲರೆ. ಮೊದಲು ಆರು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿ ಕೂಡಿಸು, ಆಮೇಲೆ ಪಿ.ಪಿ.ಎಫ್. ಎಂಬ ಸರಕಾರಿ ಉಳಿತಾಯ ಖಾತೆ ತೆರೆ. ಅದು 15 ವರ್ಷದ್ದು, ವರ್ಷಕ್ಕೆ 500 ರೂಪಾಯಿ ಹಾಕಿದರೂ ಖಾತೆ ಜೀವಂತ. ಸ್ವಂತ ಮನೆ 35ಕ್ಕೆ ಹೋಗಲಿ. ಮದುವೆಗೆ ನಾನು ವಯಸ್ಸು ಬರೆಯುವುದಿಲ್ಲ. ಚಿನ್ನಕ್ಕೆಂದು ಎತ್ತಿಟ್ಟದ್ದು ನಿನ್ನ ಓದಿಗೇ.

ಈ ತಿಂಗಳು ಮಾಡಬೇಕಾದ ಕೆಲಸ ಒಂದಿದೆ. ಆಧಾರಿನಲ್ಲಿ ನಿನ್ನ ಹೆಸರಿನ ಮುಂದೆ ಇನಿಷಿಯಲ್ ಇದೆ, ಜನನ ಪ್ರಮಾಣಪತ್ರದಲ್ಲಿ ಹಿಂದೆ ಇದೆ. ಕನ್ನಡದ ಹೆಸರು ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಅಕ್ಷರವೂ ಬದಲಾಗುತ್ತದೆ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಏನು ಅಚ್ಚಾಗುತ್ತದೋ ಪಿ.ಎಸ್.ಸಿ., ಬ್ಯಾಂಕು, ಪಾಸ್‌ಪೋರ್ಟ್ ಎಲ್ಲ ಕಡೆಯೂ ಅದನ್ನೇ ನೋಡುತ್ತಾರೆ. ಅಚ್ಚಾದ ಮೇಲೆ ತಿದ್ದಿಸಬೇಕಾದರೆ ಆ ಪರೀಕ್ಷೆ ನಡೆಸುವ ಪರೀಕ್ಷಾ ಭವನದವರೆಗೆ ಅರ್ಜಿ ಹೋಗಬೇಕು. ಈಗಾದರೆ ಶಾಲೆಯಲ್ಲೇ, ಮಕ್ಕಳ ವಿವರ ಇಡುವ 'ಸಂಪೂರ್ಣ' ಎಂಬ ಆನ್‌ಲೈನ್ ದಾಖಲೆಯಲ್ಲಿ ತಿದ್ದಬಹುದು. ಎರಡೂ ದಾಖಲೆಗಳ ಪ್ರತಿಯನ್ನು ನಿನ್ನ ಚೀಲದಲ್ಲಿ ಇಟ್ಟಿದ್ದೇನೆ. ಸೋಮವಾರ ಕ್ಲಾಸ್ ಟೀಚರಿಗೆ ತೋರಿಸು, ತಿದ್ದಿದ ಮೇಲೆ ಒಂದೊಂದೇ ಅಕ್ಷರ ಓದಿ ಸಹಿ ಹಾಕು.

ನಿನ್ನ,
ಅಮ್ಮ